ಬಂಡಿ ತೆಗಸೋ ಫಾರ್ವರ್ಡ್: ಕಲಬುರಗಿ ಮನಿ ಗ್ರೂಪಿನಾಗ ಜಗಳ

ಕಾಕಾ (ಫಾರ್ವರ್ಡ್): "ನಾಗರಿಕರ ಗಮನಕ್ಕೆ! ಹೋಟೆಲಿನಿಂದ 200 ಅಡಿ ಒಳಗೆ ತಿಂಡಿ ಗಾಡಿ ನಿಲ್ಲಿಸುವುದು ಅಪರಾಧ. ಫೋನ್ ಮಾಡಿದರೆ ಅದೇ ದಿನ ಜಪ್ತಿ. ಹತ್ತು ಗುಂಪಿಗೆ ಕಳಿಸಿ."

ಕಾಕಾ: ಓದ್ರಿ ಎಲ್ಲರೂ. ನಮ್ಮೂರ ಸೂಪರ್ ಮಾರ್ಕೆಟ್ ಬಜಾರದಾಗ ಸಂಜಿಗಿ ಕಾಲಿಡಾಕ ಜಾಗ ಇಲ್ಲ. ಇನ್ನ ಸಾಫ್ ಆಗ್ತದ.

ಸವಿತಾ: ಕಾಕಾ, ಈ 200 ಅಡಿ ನಮ್ಮೂರಿಂದಲ್ರಿ, ಅಮೆರಿಕದ ಷಿಕಾಗೋದ್ದು! ಅಲ್ಲಿ ಫುಡ್ ಟ್ರಕ್ಕಿಗಿ ಈ ದೂರ ಹಾಕ್ಯಾರ, ಮ್ಯಾಲ ಟ್ರಕ್ ಎಲ್ಲಿ ನಿಂತದ ಅಂತ ತೋರಸೋ ಜಿಪಿಎಸ್ ಬ್ಯಾರೆ. 2019ರಾಗ ಆ ಊರಿರೋ ಇಲಿನಾಯ್ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನ ಎತ್ತಿ ಹಿಡೀತು. ನಮ್ಮಲ್ಲಿ ನಡಿಯೋದು 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ. ಅದರಾಗ ಹೋಟೆಲಿಂದ ಇಂತಿಷ್ಟು ಅಡಿ ಅನ್ನೋ ಮಾತೇ ಇಲ್ಲ.

ಮಾಮಾ: ಇರಬೇಕಿತ್ತು. ಹೋಟೆಲಿನವರು ಬಾಡಿಗಿ, ಜಿಎಸ್‌ಟಿ, ಲೈಟ್ ಬಿಲ್ ಎಲ್ಲಾ ಕಟ್ತಾರ. ಬಾಗಲ ಮುಂದೇ ಬಂಡಿ ಹಚ್ಚಿದ್ರ ಅವರೇನ್ ಮಾಡಬೇಕು?

ಸವಿತಾ: ಬಾಗಲ ಮುಚ್ಚಿ ನಿಂತ್ರ ಅದು ಜಾಗದ ತಕರಾರು, ತೆಗಸಬಹುದು. ಆದ್ರ ಗಿರಾಕಿ ಹೊಂಟಾರ ಅಂತ ತೆಗಸೂದು ಬ್ಯಾರೆ ಮಾತು. ಸ್ಥಳಾಂತರಕ್ಕ 30 ದಿನದ ನೋಟಿಸ್ ಬೇಕು. ಬೀದಿ ವ್ಯಾಪಾರಿಗಳ ಸರ್ವೆ ಮುಗಿದು ವ್ಯಾಪಾರದ ಪ್ರಮಾಣಪತ್ರ ಕೊಡೋ ತನಕ ಹಳೇ ವ್ಯಾಪಾರಿನ್ನ ಎಬ್ಬಿಸಂಗಿಲ್ಲ. ಜಪ್ತಿ ಮಾಡಿದ್ರೂ ಸಾಮಾನಿನ ಪಟ್ಟಿ ಬರ್ದು, ಸಹಿ ಮಾಡಿ ಪ್ರತಿ ಕೊಡಬೇಕು. ಕೆಡೋ ಮಾಲು ಕೇಳಿದ ದಿನಾನೇ ವಾಪಸ್, ಉಳಿದದ್ದು ಎರಡು ಕೆಲಸದ ದಿನದಾಗ. ಪಟ್ಟಿ ಕೊಡದೇ ಒಯ್ತಾರಲ್ಲ, ಅಲ್ಲೇ ಬಂಡಿಯವ ಸೋಲ್ತಾನ. ಏನು ಹೋತು ಅಂತ ತೋರಸಲಾಕ ಕೈಯಾಗ ಕಾಗದೇ ಇರಲ್ಲ.

ಕಾಕಾ: ಹೊಲಸು ಮಾಡ್ತಾರಲ್ಲ ತಂಗಿ, ಅದಕ್ಕೇನಂತೀ?

ಸವಿತಾ: ಬರೇ ಹೊಲಸಿನ ಕಾರಣಕ್ಕ ಒಂದು ಜಾಗಾನ ವ್ಯಾಪಾರ ನಿಷೇಧ ವಲಯ ಮಾಡ್ಲಾಕ ಬರಲ್ರಿ. ಆ ಹೊಲಸು ಬಂಡಿಯವರಿಂದನೇ ಆಗಿರಬೇಕು, ಪಾಲಿಕೆ ಕೆಲಸದಿಂದ ಸರಿಹೋಗದಂಗ ಇರಬೇಕು. ಕಸದ ಡಬ್ಬಿನೇ ಇಡದ ಕಡೀ ಈ ವಾದ ನಿಲ್ಲಲ್ಲ.

ಮಾಮಾ: ಹಂಗಾದ್ರ ಊರಿಗಿಷ್ಟೇ ಪರ್ಮಿಟ್ ಅಂತ ಗೆರಿ ಎಳೀರಿ.

ಸವಿತಾ: ಗೆರಿ ಅದ. ಜನಸಂಖ್ಯೆಯ ಶೇ. 2.5. 2011ರ ಜನಗಣತಿಯಾಗ ಕಲಬುರಗಿ 5.3 ಲಕ್ಷದಷ್ಟಿತ್ತು, ಅಂದ್ರ 13 ಸಾವಿರದ ಮ್ಯಾಲ. ಭಾಳ ಬಿಗಿ ಮಾಡಿದ್ರ ಏನಾಗ್ತದ ನ್ಯೂಯಾರ್ಕ್ ನೋಡ್ರಿ. 1983ರಾಗ ಮಿತಿ ಹಾಕಿದ್ರು. ಪರ್ಮಿಟ್ ಇದ್ದವ ಮನ್ಯಾಗ ಕುಂತ, ಬಂಡಿ ತಳ್ಳಾವ ಅವಗ ಸಾವಿರಾರು ಡಾಲರ್ ಬಾಡಿಗಿ ಕೊಟ್ಟ. ಕಡಿಗಿ 2021ರಾಗ ಕಾನೂನು ಬದಲಿಸಿ, ವರ್ಷಕ್ಕ 445 ಹೊಸ ಲೈಸೆನ್ಸ್, ಲೈಸೆನ್ಸ್‌ದಾರ ಬಂಡಿ ಹತ್ರನೇ ಇರಬೇಕು ಅಂತ ಮಾಡಿದ್ರು. ನಮ್ಮ ಕಾಯ್ದೆದಾಗ ಮೊದಲೇ ಅದ: ತಾನು ಇಲ್ಲಾ ಮನಿಯವರೇ ಮಾರಬೇಕು, ಬಾಡಿಗಿಗಿ ಕೊಡಂಗಿಲ್ಲ.

ಶರಣು: ಅಕ್ಕಾ, ನೀವು ಕಾಗದದಾಗೇ ಉಳದ್ರಿ. ಅಳತಿಪಟ್ಟಿ ಹಿಡದು 200 ಅಡಿ ನೋಡೋ ಬದಲಿ ಸಿಲಿಂಡರ್ ನೋಡಬೇಕ್ರಿ. ವ್ಯಾಪಾರಕ್ಕ 19 ಕೆಜಿದು, ಆದ್ರ ಬಂಡಿ ಕೆಳಗ ಮನಿಗಿ ಕೊಡೋ 14.2 ಕೆಜಿದು ಇರ್ತದ. ದೊಡ್ಡ ಬರ್ನರ್ ಗ್ಯಾಸ್ ಜೋರ್ ಎಳದಂಗ ಸಿಲಿಂಡರ್ ತಣ್ಣಗಾಗಿ ಒತ್ತಡ ಇಳೀತದ, ಉರಿ ಸಣ್ಣಾಗ್ತದ. ಆಗ ಸಿಲಿಂಡರ್ ಅಡ್ಡ ಮಲಗಸ್ತಾರ. ಪೈಪಿನಾಗ ದ್ರವನೇ ಬಂದು ಉರಿ ಭಗ್ಗಂತ ಏಳ್ತದ. ನಿಲ್ಲಿಸೇ ಇಡಬೇಕು, ಒಲಿಗೂ ಅದಕ್ಕೂ ನಡುವ ತಗಡು ಬೇಕು, ಜೋಡಣಿಗಿ ಸಾಬೂನು ನೀರು ಹಚ್ಚಿ ಗುಳ್ಳಿ ನೋಡಬೇಕು.

ಶರಣು: ಟೆಂಪೊ ಗಾಡಿದಾಗ ಇನ್ನೂ ಕಷ್ಟ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದ್ರ ನೆಲದಾಗ ಹಾಸಿಕೊಂಡು ನಿಲ್ತದ. ಮ್ಯಾಲ ಫ್ಯಾನ್ ಕೂಡ್ರಿಸಿ ಕೆಳಗ ತೂತು ಬಿಡದಿದ್ರ ಉಪಯೋಗಿಲ್ಲ. ಅಡಗಿ ಗಾಡಿ ಮಾಡಿಸಿದ್ರ ಆರ್‌ಟಿಓದಾಗ ಆರ್‌ಸಿಯಾಗ ಬದಲಾವಣಿ ಬರಸಬೇಕು, ಇಲ್ಲಾಂದ್ರ ಅಪಘಾತದಾಗ ವಿಮಾದವರು ತಕರಾರು ತೆಗೀತಾರ.

ಕಾಕಾ: ಎಣ್ಣಿ? ಗೋಬಿ ಬಣ್ಣ?

ಶರಣು: ಗೋಬಿ ಮಂಚೂರಿಗಿ ಕೃತಕ ಬಣ್ಣ 2024ರ ಮಾರ್ಚ್‌ನಾಗೇ ರಾಜ್ಯ ಸರ್ಕಾರ ಬಂದ್ ಮಾಡ್ಯದ. ಕರದ ಎಣ್ಣಿಯಾಗ ಪೋಲಾರ್ ಸಂಯುಕ್ತ, ಅಂದ್ರ ಎಣ್ಣಿ ಕಾದು ಕಾದು ಕೆಟ್ಟಾಗ ಹುಟ್ಟೋ ಅಂಶ, ಶೇ. 25 ದಾಟಬಾರದು. ಮೀಟರ್ ಇಲ್ಲಾಂದ್ರ ನೊರಿ ನೋಡ್ರಿ: ಮಿರ್ಚಿ ತೆಗದ ಮ್ಯಾಲೂ ನೊರಿ ಇಳೀಲಿಲ್ಲ, ಸಣ್ಣ ಉರಿಗೇ ಹೊಗಿ ಬಂತು ಅಂದ್ರ ಚೆಲ್ಲಬೇಕು. ಹಳೇದಕ್ಕ ಹೊಸದು ಸುರುವಿದ್ರ ಹೊಸದೂ ಲಗೂ ಕೆಡ್ತದ. ಖರೆ ಹೊಲಸು ಅಂದ್ರ ಒಂದೇ ಬಕೆಟಿನಾಗ ನೂರು ಪ್ಲೇಟ್ ಅದ್ದೂದು. ನಲ್ಲಿ ಇರೋ 20 ಲೀಟರ್ ಕ್ಯಾನ್ ಇಟ್ರ ಅರ್ಧ ರೋಗ ಹೋಗ್ತದ.

ಮಾಮಾ: ಸವಿತಾ, ಬಂಡಿ ಎಲ್ಲಿ ನಿಲ್ಲಬೇಕು ಅಂತ ಯಾರು ಹೇಳ್ತಾರ? ಅಲ್ಲಿ ಹೋಟೆಲಿನವರಿಗಿ ಕುರ್ಚಿ ಅದ ಏನು?

ಸವಿತಾ: ಪಟ್ಟಣ ವ್ಯಾಪಾರ ಸಮಿತಿ. ಪಾಲಿಕೆ ಆಯುಕ್ತರು ಅಧ್ಯಕ್ಷರು, ಶೇ. 40ಕ್ಕ ಕಮ್ಮಿ ಇಲ್ಲದಂಗ ಬೀದಿ ವ್ಯಾಪಾರಿಗಳು, ಜೊತಿಗಿ ಸಂಚಾರ ಪೊಲೀಸ್, ವೈದ್ಯಾಧಿಕಾರಿ, ವ್ಯಾಪಾರಸ್ಥರ ಸಂಘದವರೂ ಇರ್ತಾರ. ಹೋಟೆಲಿನವರ ಸಂಘದಿಂದ ಆ ಸಮಿತಿಗಿ ಅರ್ಜಿ ಕೊಡಸ್ರಿ. "ಬಂಡಿ ತೆಗೀರಿ" ಅಂತ ಬರೀಬ್ಯಾಡ್ರಿ. ಯಾವ ಬಾಗಲ, ಎಷ್ಟು ಗಂಟಿಯಿಂದ ಎಷ್ಟರ ತನಕ, ರಸ್ತಿ ಎಷ್ಟು ಅಡಿ ಉಳೀತದ, ಅಷ್ಟು ಬರ್ದು ನಕ್ಷಿ ಹಚ್ರಿ.