ಜರ್ಮನಿಯಲ್ಲಿ ಬೈಕ್ ವಿಮೆ: ಹೊಸದಾಗಿ ಬಂದವರ ಪ್ರಶ್ನೆಗೆ ಅನುಭವಸ್ಥರ ಉತ್ತರಗಳು

ಪ್ರಶ್ನೆ, ಸ್ಟುಟ್‌ಗಾರ್ಟ್‌ನಿಂದ

ನಮಸ್ಕಾರ. ಉದ್ಯೋಗದ ನಿಮಿತ್ತ ಈ ವರ್ಷ ಬೆಂಗಳೂರಿನಿಂದ ಸ್ಟುಟ್‌ಗಾರ್ಟ್‌ಗೆ ಬಂದಿದ್ದೇನೆ. ಊರಿನಲ್ಲಿ ಹಲವು ವರ್ಷ ಬುಲೆಟ್ ಓಡಿಸಿದ ಅಭ್ಯಾಸವಿರುವುದರಿಂದ ಇಲ್ಲಿಯೂ ರಾಯಲ್ ಎನ್‌ಫೀಲ್ಡ್ 350 ಕೊಳ್ಳುವ ಆಲೋಚನೆಯಿದೆ. ವಿಮೆಯನ್ನು ಹೇಗೆ ಆರಿಸಬೇಕು, ಭಾರತದಲ್ಲಿ ಗಳಿಸಿದ ನೋ ಕ್ಲೇಮ್ ಬೋನಸ್ ಇಲ್ಲಿ ನಡೆಯುತ್ತದೆಯೇ, ಚಳಿಗಾಲದಲ್ಲಿ ಬೈಕ್ ನಿಲ್ಲಿಸಿದ್ದರೂ ಕಂತು ಕಟ್ಟಬೇಕೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ, ಮ್ಯೂನಿಕ್‌ನಿಂದ

ಕಂತಿನ ಲೆಕ್ಕಕ್ಕೆ ಕೈಹಾಕುವ ಮೊದಲು ಲೈಸೆನ್ಸ್ ವಿಷಯವನ್ನು ಇತ್ಯರ್ಥ ಮಾಡಿಕೊಳ್ಳಿ. ಭಾರತದ ಲೈಸೆನ್ಸ್, ಜರ್ಮನ್ ಅನುವಾದದೊಂದಿಗೆ, ನೀವು ಇಲ್ಲಿ ವಾಸ ಆರಂಭಿಸಿದ ದಿನದಿಂದ ಆರು ತಿಂಗಳು ಮಾತ್ರ ನಡೆಯುತ್ತದೆ. ಪರೀಕ್ಷೆಯಿಲ್ಲದೆ ಲೈಸೆನ್ಸ್ ಬದಲಾಯಿಸಿಕೊಡುವ ದೇಶಗಳ ಪಟ್ಟಿಯಲ್ಲಿ ಭಾರತವಿಲ್ಲ. ಆದ್ದರಿಂದ ಲಿಖಿತ ಪರೀಕ್ಷೆ, ರಸ್ತೆಯ ಪರೀಕ್ಷೆ ಎರಡನ್ನೂ ಪಾಸು ಮಾಡಬೇಕು. ಲಿಖಿತ ಪರೀಕ್ಷೆಯನ್ನು ಇಂಗ್ಲಿಷಿನಲ್ಲಿ ಬರೆಯಬಹುದು. ರಸ್ತೆಯ ಪರೀಕ್ಷೆ ಜರ್ಮನ್ ಭಾಷೆಯಲ್ಲೇ ನಡೆಯುತ್ತದೆ. ಭಾರತದ ಲೈಸೆನ್ಸ್ ಇರುವವರಿಗೆ ಇಷ್ಟು ಗಂಟೆ ತರಬೇತಿ ಪಡೆದಿರಲೇಬೇಕೆಂಬ ಕಡ್ಡಾಯವಿಲ್ಲ ಎಂಬುದೊಂದೇ ರಿಯಾಯಿತಿ. ಆದರೂ ಕೆಲವು ತರಗತಿಗಳನ್ನು ತೆಗೆದುಕೊಳ್ಳುವುದು ಒಳ್ಳೆಯದು, ಏಕೆಂದರೆ ಬಲಬದಿಯ ಸಂಚಾರವಾಗಲಿ, ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲದಿಂದ ಬರುವವರಿಗೆ ದಾರಿ ಬಿಡುವ ನಿಯಮವಾಗಲಿ ಬೆಂಗಳೂರಿನ ಅಭ್ಯಾಸಕ್ಕೆ ಒಗ್ಗುವಂಥವಲ್ಲ.

ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಇಲ್ಲಿ ಲೈಸೆನ್ಸ್ ಇಲ್ಲದವರೂ ಬೈಕ್ ಕೊಳ್ಳಬಹುದು, ಅದನ್ನು ತಮ್ಮ ಹೆಸರಿನಲ್ಲಿ ನೋಂದಾಯಿಸಬಹುದು. ವಿಮಾ ಕಂಪನಿಯ ಜಾಲತಾಣದಲ್ಲಿ ವಿವರ ತುಂಬಿದೊಡನೆ ಇವಿಬಿ ಎಂಬ ಏಳು ಅಕ್ಷರ-ಅಂಕಿಗಳ ಸಂಖ್ಯೆ ಬರುತ್ತದೆ, ಅದನ್ನು ನೋಂದಣಿ ಕಚೇರಿಯಲ್ಲಿ ತೋರಿಸಿದರೆ ನಂಬರ್ ಪ್ಲೇಟೂ ಸಿಗುತ್ತದೆ. ಹೀಗೆ ಎಲ್ಲವೂ ಕೈಗೆ ಬಂದಮೇಲೆ ಓಡಿಸಲು ಅಡ್ಡಿಯಿಲ್ಲವೆಂಬ ಭಾವನೆ ಮೂಡುವುದು ಸಹಜ. ಆರು ತಿಂಗಳು ಕಳೆದಮೇಲೆ ಹಳೆಯ ಲೈಸೆನ್ಸಿನಲ್ಲೇ ಓಡಿಸಿ ಯಾರಿಗಾದರೂ ಡಿಕ್ಕಿಯಾದರೆ, ಕಂಪನಿಯು ಪೆಟ್ಟು ತಿಂದವರಿಗೆ ಪರಿಹಾರ ಕೊಟ್ಟು, ಅದರಲ್ಲಿ 5,000 ಯೂರೋವರೆಗೆ ನಿಮ್ಮಿಂದ ವಸೂಲಿ ಮಾಡಬಹುದು. ನಿಮ್ಮ ಬೈಕಿನ ಹಾನಿಗೆ ಏನನ್ನೂ ಕೊಡದೆ ಇರಬಹುದು. ಇದಲ್ಲದೆ ಲೈಸೆನ್ಸ್ ಇಲ್ಲದೆ ಓಡಿಸುವುದು ಇಲ್ಲಿ ದಂಡ ಕಟ್ಟಿ ಮುಗಿಸುವ ತಪ್ಪಲ್ಲ, ಕ್ರಿಮಿನಲ್ ಅಪರಾಧ. ವೀಸಾದ ಮೇಲೆ ಬದುಕುವ ನಮ್ಮಂಥವರು ಅಂಥ ಪ್ರಕರಣವನ್ನು ಮೈಮೇಲೆ ಎಳೆದುಕೊಳ್ಳಬಾರದು.

ಉತ್ತರ, ಫ್ರಾಂಕ್‌ಫರ್ಟ್‌ನಿಂದ

ಮೇಲಿನವರು ಹೇಳಿದ್ದು ಸರಿ. ವಿಮೆಯ ಸ್ವರೂಪದ ಬಗ್ಗೆ ನಾನು ಸ್ವಲ್ಪ ಬರೆಯುತ್ತೇನೆ. ಕಡ್ಡಾಯವಾದದ್ದು ಹಾಫ್ಟ್‌ಫ್ಲಿಷ್ಟ್, ಅಂದರೆ ನಮ್ಮ ಥರ್ಡ್ ಪಾರ್ಟಿ ವಿಮೆ. ಕಾನೂನಿನ ಪ್ರಕಾರ ಜನರಿಗಾಗುವ ಗಾಯ ಹಾಗೂ ಸಾವಿಗೆ ಕನಿಷ್ಠ 75 ಲಕ್ಷ ಯೂರೋ ರಕ್ಷಣೆ ಇರಬೇಕು. 10 ಕೋಟಿ ಯೂರೋವರೆಗಿನ ಪಾಲಿಸಿಗಳು ಇಲ್ಲಿ ಸಾಮಾನ್ಯ, ಅದನ್ನೇ ಆರಿಸಿಕೊಳ್ಳಿ. ಹಿಂಬದಿ ಸವಾರರಿಗೆ ನಿಮ್ಮಿಂದ ಪೆಟ್ಟಾದರೆ ಅದೂ ಇದರಲ್ಲೇ ಬರುತ್ತದೆ. ಟೈಲ್‌ಕಾಸ್ಕೊ ಎಂಬುದು ಕಳವು, ಬೆಂಕಿ, ಬಿರುಗಾಳಿ, ಆಲಿಕಲ್ಲು, ಅಡ್ಡ ಬಂದ ಪ್ರಾಣಿಗೆ ಡಿಕ್ಕಿ ಇವುಗಳಿಗೆ. 2013ರ ಜುಲೈ 28ರಂದು ನಿಮ್ಮ ಪಕ್ಕದ ರೊಯ್ಟ್ಲಿಂಗನ್ ಸುತ್ತಮುತ್ತ ಬಿದ್ದ ಆಲಿಕಲ್ಲು ಸಾವಿರಾರು ವಾಹನಗಳನ್ನು ನುಗ್ಗುನುರಿ ಮಾಡಿತ್ತು, ಆದ್ದರಿಂದ ಆ ಭಾಗದಲ್ಲಿರುವವರು ಇದನ್ನು ಬಿಡಬಾರದು. ನೀವೇ ಬಿದ್ದು ಬೈಕ್ ಹಾಳಾದರೆ ದುರಸ್ತಿಗೆ ಹಣ ಬರುವುದು ಫೋಲ್‌ಕಾಸ್ಕೊದಲ್ಲಿ ಮಾತ್ರ. ಹೊಸ ಬೈಕಿಗೆ ಅದು ಬೇಕು. ಹಳೆಯ ಅಗ್ಗದ ಬೈಕಿಗೆ ದಂಡ ಎಂಬುದು ನನ್ನ ಅಭಿಪ್ರಾಯ.

ನಮ್ಮವರು ಹೆಚ್ಚಾಗಿ ಗಮನಿಸದ ಸಂಗತಿಯೆಂದರೆ ಈ ಮೂರರಲ್ಲಿ ಯಾವುದೂ ಸವಾರನ ದೇಹಕ್ಕೆ ಸಂಬಂಧಿಸಿದ್ದಲ್ಲ. ಭಾರತದಲ್ಲಿ ಮಾಲೀಕ-ಸವಾರನಿಗೆ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಕಡ್ಡಾಯವಾಗಿರುವುದರಿಂದ ಇಲ್ಲಿಯೂ ಅಂಥದ್ದೊಂದು ಪಾಲಿಸಿಯೊಳಗೆ ಇದ್ದೇ ಇರುತ್ತದೆಂದು ಭಾವಿಸಿಬಿಡುತ್ತೇವೆ. ನನ್ನ ಸಹೋದ್ಯೋಗಿಯೊಬ್ಬರು ಓಡನ್‌ವಾಲ್ಡ್‌ನ ತಿರುವೊಂದರಲ್ಲಿ ಜಲ್ಲಿಯ ಮೇಲೆ ಜಾರಿ ಬಿದ್ದರು. ಬೇರೆ ವಾಹನವೇ ಇರಲಿಲ್ಲವಾದ್ದರಿಂದ ಪರಿಹಾರ ಕೇಳಲು ಎದುರುಗಡೆ ಯಾರೂ ಇರಲಿಲ್ಲ. ಚಿಕಿತ್ಸೆಯ ವೆಚ್ಚವನ್ನು ಆರೋಗ್ಯ ವಿಮೆ ಭರಿಸಿತು, ಆರು ವಾರ ಕಂಪನಿ ಪೂರ್ತಿ ಸಂಬಳ ಕೊಟ್ಟಿತು, ಅನಂತರ ಆರೋಗ್ಯ ವಿಮೆಯಿಂದ ಒಟ್ಟು ಸಂಬಳದ ಶೇ. 70ರ ಲೆಕ್ಕದಲ್ಲಿ ಭತ್ಯೆ ಬಂತು. ಗಮನಿಸಿ, ಈ ಆರು ವಾರದ ಸಂಬಳದ ಹಕ್ಕು ಕೆಲಸಕ್ಕೆ ಸೇರಿ ನಾಲ್ಕು ವಾರ ತುಂಬಿದ ಮೇಲೆಯೇ ಹುಟ್ಟುತ್ತದೆ. ಶಾಶ್ವತ ಅಂಗವೈಕಲ್ಯವಾಗಿದ್ದರೆ ಮುಂದೇನು ಎಂಬ ಪ್ರಶ್ನೆಗೆ ಇವುಗಳಲ್ಲಿ ಉತ್ತರವಿಲ್ಲ. ಅದಕ್ಕಾಗಿ ಪಾಲಿಸಿಯ ಜೊತೆಗೇ ಫಾರರ್‌ಶುಟ್ಸ್ ಎಂಬ ಸವಾರ ರಕ್ಷಣೆಯನ್ನು ಸೇರಿಸಿಕೊಳ್ಳಬಹುದು, ಇಲ್ಲವೇ ಬೇರೆಯಾಗಿ ಅಪಘಾತ ವಿಮೆ ಮಾಡಿಸಬಹುದು. ಬೇರೆ ಎಲ್ಲಿಯಾದರೂ ಉಳಿತಾಯ ಮಾಡಿ, ಇದರಲ್ಲಿ ಬೇಡ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದಗಳು. ನಾನಿರುವುದು ಅಪಾರ್ಟ್‌ಮೆಂಟ್‌ನಲ್ಲಿ, ಗ್ಯಾರೇಜ್ ಇಲ್ಲ, ಬೈಕನ್ನು ರಸ್ತೆ ಬದಿಯಲ್ಲೇ ನಿಲ್ಲಿಸಬೇಕಾಗುತ್ತದೆ. ಹಾಗಿದ್ದರೆ ಚಳಿಗಾಲದ ವ್ಯವಸ್ಥೆ ಹೇಗೆ?

ಉತ್ತರ, ನ್ಯೂರೆಂಬರ್ಗ್‌ನಿಂದ

ಇಲ್ಲಿ ಋತುಮಾನದ ನಂಬರ್ ಪ್ಲೇಟ್ ಎಂಬ ಏರ್ಪಾಡಿದೆ. ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ಎಂದು ಆರಿಸಿಕೊಂಡರೆ ಪ್ಲೇಟಿನ ಬಲತುದಿಯಲ್ಲಿ 03, 10 ಎಂಬ ಅಂಕಿಗಳು ಒಂದರ ಕೆಳಗೊಂದು ಇರುತ್ತವೆ, ವಿಮೆ ಹಾಗೂ ತೆರಿಗೆ ಆ ತಿಂಗಳುಗಳಿಗೆ ಮಾತ್ರ. ಎರಡರಿಂದ ಹನ್ನೊಂದು ತಿಂಗಳವರೆಗೆ ಎಷ್ಟನ್ನಾದರೂ ಆರಿಸಬಹುದು, ಆದರೆ ಆರು ತಿಂಗಳಿಗಿಂತ ಕಡಿಮೆಯಾದರೆ ಅಪಘಾತವಿಲ್ಲದ ವರ್ಷವೆಂದು ಅದು ಲೆಕ್ಕಕ್ಕೆ ಬರುವುದಿಲ್ಲ, ಮುಂದಿನ ವರ್ಷದ ಕಂತೂ ಇಳಿಯುವುದಿಲ್ಲ.

ನಿಮ್ಮ ತೊಡಕು ಇರುವುದು ಉಳಿದ ತಿಂಗಳುಗಳಲ್ಲಿ. ಆಗ ಬೈಕನ್ನು ಓಡಿಸುವುದಿರಲಿ, ಸಾರ್ವಜನಿಕ ರಸ್ತೆಯಲ್ಲಿ ನಿಲ್ಲಿಸುವುದಕ್ಕೂ ಅವಕಾಶವಿಲ್ಲ. ಗ್ಯಾರೇಜಿನಲ್ಲೋ ಬೇಲಿಯಿರುವ ಖಾಸಗಿ ಜಾಗದಲ್ಲೋ ಇಟ್ಟರೆ ಕಳವಿನಂಥ ರಕ್ಷಣೆ ಹೆಚ್ಚಿನ ಕಂತಿಲ್ಲದೆ ಮುಂದುವರಿಯುತ್ತದೆ. ಅನೇಕ ಬೈಕ್ ಮಾರಾಟಗಾರರು ಚಳಿಗಾಲಕ್ಕೆ ಬಾಡಿಗೆ ಪಡೆದು ಇಟ್ಟುಕೊಳ್ಳುತ್ತಾರೆ, ವಿಚಾರಿಸಿ. ಬಾಡಿಗೆಯನ್ನು ಉಳಿಯುವ ಕಂತಿನೊಂದಿಗೆ ಹೋಲಿಸಿ ನೋಡಿದರೆ 350 ಸಿಸಿ ಬೈಕಿಗೆ ವರ್ಷಪೂರ್ತಿ ವಿಮೆಯೇ ಅಗ್ಗವಾಗಿ ಕಾಣುವ ಸಂಭವವಿದೆ, ಏಕೆಂದರೆ ಕಡಿಮೆ ಶಕ್ತಿಯ ಎಂಜಿನ್‌ಗೆ ಕಂತು ಮೊದಲೇ ಕಡಿಮೆ. ತೆರಿಗೆಯಂತೂ ಪ್ರತಿ 25 ಸಿಸಿಗೆ 1.84 ಯೂರೋ, ನಿಮ್ಮ ಬೈಕಿಗೆ ವರ್ಷಕ್ಕೆ 26 ಯೂರೋ ಸಹ ಆಗುವುದಿಲ್ಲ.

ಉತ್ತರ, ಐಂಡ್‌ಹೋವನ್‌ನಿಂದ

ಇದು ನೆದರ್‌ಲ್ಯಾಂಡ್ಸ್‌ನ ಮಾತು, ಗಡಿಯಾಚೆ ಕೆಲಸ ಬದಲಾಯಿಸುವವರಿಗೆ ಉಪಯೋಗವಾಗಬಹುದು. ಇಲ್ಲಿ ಶೇ. 30ರ ತೆರಿಗೆ ರಿಯಾಯಿತಿ ಪಡೆದ ವಲಸೆ ನೌಕರರು ಭಾರತದ ಲೈಸೆನ್ಸನ್ನು ಪರೀಕ್ಷೆಯಿಲ್ಲದೆ ಬದಲಾಯಿಸಿಕೊಳ್ಳಬಹುದು. ಉಳಿದವರು ಭಾರತದ ಲೈಸೆನ್ಸಿನಲ್ಲಿ 185 ದಿನ ಮಾತ್ರ ಓಡಿಸಬಹುದು. ಕಳವಿನ ವಿಮೆಗೆ ಮಾತ್ರ ಕಂಪನಿಗಳು ಎಆರ್‌ಟಿ ಎಂಬ ಭದ್ರತಾ ಪ್ರಮಾಣದ ಮುದ್ರೆಯಿರುವ ಬೀಗವನ್ನು ಕೇಳುತ್ತವೆ. ಬೀಗ ಕೊಂಡ ರಸೀದಿಯನ್ನು ಜೋಪಾನವಾಗಿಡಿ, ಹಣ ಕೇಳುವಾಗ ಅದನ್ನೂ ಕೇಳುತ್ತಾರೆ.

ಉತ್ತರ, ಮತ್ತೆ ಮ್ಯೂನಿಕ್‌ನಿಂದ

ನೋ ಕ್ಲೇಮ್ ಬೋನಸ್ ಪ್ರಶ್ನೆ ಉಳಿದುಹೋಗಿತ್ತು. ಭಾರತದ ದಾಖಲೆಯನ್ನು ಒಪ್ಪಲೇಬೇಕೆಂದು ಇಲ್ಲಿನ ಕಂಪನಿಗಳಿಗೆ ಯಾವ ಕಟ್ಟುಪಾಡೂ ಇಲ್ಲ, ಸಾಮಾನ್ಯವಾಗಿ ಆರಂಭದ ದರ್ಜೆಯಿಂದಲೇ ಶುರುಮಾಡುತ್ತಾರೆ. ಆದರೂ ಊರಿನ ವಿಮಾ ಕಂಪನಿಯಿಂದ ಇಂಗ್ಲಿಷಿನಲ್ಲಿ ಪತ್ರ ತರಿಸಿಕೊಂಡು, ಜಾಲತಾಣದಲ್ಲಿ ಫಾರಂ ತುಂಬುವ ಬದಲು ಏಜೆಂಟರ ಎದುರು ಕುಳಿತು ಕೇಳಿ; ರಿಯಾಯಿತಿ ಕೊಡುವ ಅಧಿಕಾರ ಮನುಷ್ಯರಿಗಿರುತ್ತದೆ, ಫಾರಂಗಿರುವುದಿಲ್ಲ. ಬೆಂಗಳೂರಿನ ಬುಲೆಟ್ ಮಾರುವುದಾದರೆ ಬೋನಸ್ ಕಾಯ್ದಿರಿಸುವ ಪತ್ರವನ್ನು ಆಗಲೇ ಪಡೆದಿಟ್ಟುಕೊಳ್ಳಿ. ಆ ಪತ್ರ ಮೂರು ವರ್ಷ ನಡೆಯುತ್ತದೆ, ಅಷ್ಟರೊಳಗೆ ಹಿಂತಿರುಗಿ ಬೇರೆ ಬೈಕ್ ಕೊಂಡರೆ ಅದಕ್ಕೆ ಬಳಸಬಹುದು. ಮಾರದೆ ಮನೆಯಲ್ಲೇ ಇಡುವುದಾದರೆ ಪಾಲಿಸಿ ಮುಗಿದ 90 ದಿನಗಳೊಳಗೆ ನವೀಕರಿಸಲು ಮನೆಯವರಿಗೆ ಹೇಳಿಡಿ, ಇಲ್ಲದಿದ್ದರೆ ಬೋನಸ್ ಹೋಗುತ್ತದೆ.