ನೀರಿನ ಮೇಲೆ ಹಿಡಿದ ಹೈಡ್ರೋಜನ್ ಲೆಕ್ಕ ಜಾಸ್ತಿ ಬರುತ್ತಿದೆ

ಪ್ರಶ್ನೆ: ದಾವಣಗೆರೆಯಲ್ಲಿ ಪಿಯುಸಿ ಓದುತ್ತಿದ್ದೇನೆ. 0.044 ಗ್ರಾಂ ಮೆಗ್ನೀಸಿಯಂ ಪಟ್ಟಿಯನ್ನು ಆಮ್ಲಕ್ಕೆ ಹಾಕಿ ಹೈಡ್ರೋಜನ್ ಹಿಡಿದೆ. 27 ಡಿಗ್ರಿಯಲ್ಲಿ 50 ಮಿ.ಲೀ. ಸಿಕ್ಕಿತು. ಒತ್ತಡ 760 ಮಿ.ಮೀ. ಪಾದರಸ ಅಂತ ಹಾಕಿದರೆ 0.00203 ಮೋಲ್ ಬರುತ್ತದೆ, ಬರಬೇಕಾದ್ದು 0.00181. ಎಲ್ಲಿ ತಪ್ಪಿದೆ?

ಉತ್ತರ 1: ಜಾಡಿಯಲ್ಲಿ ನೀರಿನ ಆವಿಯೂ ಇರುತ್ತದೆ ಅಲ್ವಾ? 27 ಡಿಗ್ರಿಗೆ ಅದರ ಒತ್ತಡ 26.7 ಮಿ.ಮೀ., ಒಟ್ಟು ಒತ್ತಡದಿಂದ ಅದನ್ನು ಕಳೆಯಿರಿ.

ಉತ್ತರ 2: ಅಷ್ಟೇ ಸಾಲದು. 760 ಸಮುದ್ರಮಟ್ಟದ್ದು, ನಮ್ಮೂರು ಸುಮಾರು 600 ಮೀಟರ್ ಎತ್ತರದಲ್ಲಿದೆ, ಇಲ್ಲಿ ಒತ್ತಡ 710ರ ಆಸುಪಾಸು. ಅದರಲ್ಲಿ 26.7 ಕಳೆದರೆ 683.3, ಅದನ್ನು 760ರಿಂದ ಭಾಗಿಸಿ, 0.050 ಲೀಟರಿನಿಂದ ಗುಣಿಸಿ, ಬಂದದ್ದನ್ನು 0.0821 (ಅನಿಲ ಸ್ಥಿರಾಂಕ) × 300ರಿಂದ (27 ಡಿಗ್ರಿ ಕೆಲ್ವಿನ್‌ನಲ್ಲಿ) ಭಾಗಿಸಿದರೆ 0.00183 ಮೋಲ್. ಸುಮ್ನೆ 760 ಹಾಕಬೇಡಿ, ಪ್ರಯೋಗಾಲಯದ ಬ್ಯಾರೋಮೀಟರ್ ನೋಡಿ.

ಉತ್ತರ 3: ಓದುವಾಗ ಜಾಡಿಯ ಒಳಗಿನ, ಹೊರಗಿನ ನೀರಿನ ಮಟ್ಟ ಒಂದೇ ಇರಲಿ. ಇಲ್ಲದಿದ್ದರೆ ಒಳಗಿನ ಒತ್ತಡವೇ ಬೇರೆ.