ಸಹಾಯ ಬೇಕು: ದಾದರ್ ಹತ್ತಿರ ಕೆಂಡದ ಮೇಲೆ ಸುಡುವ ಸ್ಯಾಂಡ್‌ವಿಚ್ ಎಲ್ಲಿ ಸಿಗುತ್ತದೆ?

ಮುಂಬೈ ಕನ್ನಡಿಗರಿಗೆ ನಮಸ್ಕಾರ. ಮುಂದಿನ ಶನಿವಾರ ಅಪ್ಪನ ಜೊತೆ ಹುಬ್ಬಳ್ಳಿಯಿಂದ ರಾತ್ರಿ ರೈಲಿಗೆ ಹೊರಟು ಬೆಳಗ್ಗೆ ದಾದರ್‌ನಲ್ಲಿ ಇಳಿಯುತ್ತೇವೆ. ಅಹಮದಾಬಾದ್ ರೈಲು ಮಧ್ಯಾಹ್ನ, ಮುಂಬೈ ಸೆಂಟ್ರಲ್‌ನಿಂದ. ನಡುವೆ ಐದಾರು ಗಂಟೆ ಸಮಯ ಇದೆ.

ಅಪ್ಪ ಹರೆಯದಲ್ಲಿ ಪರೇಲ್‌ನಲ್ಲಿದ್ದವರು. ಅವರಿಗೆ ಆ ಕಾಲದ ಬಾಂಬೆ ಸ್ಯಾಂಡ್‌ವಿಚ್ ಇನ್ನೊಮ್ಮೆ ತಿನ್ನಬೇಕಂತೆ. ಬಿಳಿ ಬ್ರೆಡ್ಡಿಗೆ ಅಂಚಿನ ತನಕ ಬೆಣ್ಣೆ, ಮೇಲೆ ಕೊತ್ತಂಬರಿ ಹಸಿಮೆಣಸಿನ ಚಟ್ನಿ, ಬೇಯಿಸಿದ ಆಲೂಗಡ್ಡೆ, ಸೌತೆ, ಟೊಮೇಟೊ, ಈರುಳ್ಳಿ, ಬೀಟ್‌ರೂಟ್ ಬಿಲ್ಲೆ, ಉದುರಿಸಿದ ಮಸಾಲೆ. ಉದ್ದ ಹಿಡಿಯ ಅಚ್ಚಿನಲ್ಲಿ ಒತ್ತಿ, ಕೆಂಡದ ಮೇಲೆ ತಿರುವಿ ತಿರುವಿ ಸುಡುತ್ತಿದ್ದರಂತೆ. ಕತ್ತರಿಸಿದಾಗ ಬೀಟ್‌ರೂಟಿನ ಕೆಂಪು ಬ್ರೆಡ್ಡಿಗೆ ಇಳಿದಿರುತ್ತಿತ್ತು ಅಂತ ಇವತ್ತಿಗೂ ಕೈಯಲ್ಲಿ ಅಳತೆ ತೋರಿಸಿ ಹೇಳುತ್ತಾರೆ.

ದಯವಿಟ್ಟು ವಡಾಪಾವ್ ಸೂಚಿಸಬೇಡಿ. ಅದು ದಾದರ್‌ನಲ್ಲೇ ಹುಟ್ಟಿದ್ದು ಅಂತ ಗೊತ್ತು, ನನಗೂ ಪ್ರೀತಿ, ಆದರೆ ಅದು ಹುಬ್ಬಳ್ಳಿಯಲ್ಲೂ ಸಿಗುತ್ತದೆ. ಗ್ಯಾಸ್ ಅಥವಾ ಕರೆಂಟ್ ಗ್ರಿಲ್ ಅಲ್ಲ, ಈಗಲೂ ಕೆಂಡ ಬಳಸುವ ಗಾಡಿ ದಾದರ್, ಮಾಟುಂಗಾ, ಪರೇಲ್ ಕಡೆ ಯಾರಾದರೂ ಈಚೆಗೆ ನೋಡಿದ್ದೀರಾ? ಹನ್ನೊಂದರ ಒಳಗೆ ತೆರೆದಿರುತ್ತದಾ? ಅಪ್ಪನಿಗೆ ಮೊಣಕಾಲು ನೋವು, ಮೇಲ್ಸೇತುವೆ ಹತ್ತಿಸುವುದು ಕಷ್ಟ, ಹಾಗಾಗಿ ಪೂರ್ವವೋ ಪಶ್ಚಿಮವೋ ಖಚಿತವಾಗಿ ಹೇಳಿ. ಎರಡು ದೊಡ್ಡ ಬ್ಯಾಗ್ ಇವೆ. ಅವನ್ನು ದಾದರ್ ಸ್ಟೇಷನ್‌ನಲ್ಲೇ ಇಡಬಹುದಾ, ಇಲ್ಲ ಮುಂಬೈ ಸೆಂಟ್ರಲ್‌ನಲ್ಲಿ ಇಟ್ಟು ಬರುವುದು ವಾಸಿಯಾ?